ಇದ್ದರೆ ಬಳಸು, ಇಲ್ಲದಿದ್ದರೆ ಬಾಯಿಬಿಟ್ಟು ಹೇಳು

ಭಾಗ 1/8: ಎರಡು ಕಾರ್ಡ್, ಒಂದೇ ಕೋಡ್

ಮೊದಲನೇ ಫೋಟೊದಲ್ಲಿ ಎರಡು ಕಾರ್ಡ್ ಅದಾವ, ಸರಿಯಾಗಿ ನೋಡ್ರಿ. ಎಡಗಡೆ "ಬ್ಯಾಡಗಿ ಮಾರುಕಟ್ಟೆ" ಅಂತ ಐತಿ. ಬಲಗಡೆ "ಬ್‌ಯಾಡಗಿ ಮಾರುಕಟ್‌ಟೆ" ಅಂತ ಐತಿ. ಬಲಗಡೆ ಕಾರ್ಡಿನಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದೆ, ಗುಣಿತದ ಚಿಹ್ನೆ ಅಕ್ಷರಕ್ಕೆ ಅಂಟದೆ ದೂರ ಉಳಿದಿದೆ. ಎರಡನ್ನೂ ಬರೆದದ್ದು ಒಂದೇ ಪೈಥಾನ್ ಪ್ರೋಗ್ರಾಮ್. ಅದೇ ಫಾಂಟ್, ಅದೇ ಕೋಡ್, ಒಂದು ಸಾಲೂ ಹೆಚ್ಚುಕಮ್ಮಿ ಇಲ್ಲ. ಕಂಪ್ಯೂಟರ್ ಮಾತ್ರ ಬೇರೆ. ಎರಡೂ ಕಡೆ ಒಂದೇ ಒಂದು ಎರರ್ ಬರಲಿಲ್ಲ. "ಕಾರ್ಡ್ ಸೇವ್ ಆಗಿದೆ" ಅಂತ ಎರಡೂ ಕಡೆ ಅಷ್ಟೇ ಧೈರ್ಯವಾಗಿ ಹೇಳಿತು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಓದೋ ನಮ್ಮಂಥವರ ಮಿನಿ ಪ್ರಾಜೆಕ್ಟ್ ಅಂದ್ರ ಬಹುತೇಕ ಇಂಥವೇ: ಮೆಣಸಿನಕಾಯಿ ದರದ ಕಾರ್ಡ್, ಬೀಜದ ಅಂಗಡಿಗೆ ಬಿಲ್ಲು, ಫೆಸ್ಟಿಗೆ ಸರ್ಟಿಫಿಕೇಟ್. ಬರೆಯೋದು ಒಂದು ಲ್ಯಾಪ್‌ಟಾಪಿನಲ್ಲಿ, ತೋರಿಸೋದು ಲ್ಯಾಬ್ ಕಂಪ್ಯೂಟರಿನಲ್ಲಿ, ಕೊನೆಗೆ ಬಳಸೋದು ಯಾವುದೋ ಅಂಗಡಿಯ ಹಳೇ ಮಶೀನಿನಲ್ಲಿ. ಅಲ್ಲಿ ಯಾವ ಲೈಬ್ರರಿ ಇರ್ತೈತಿ, ಯಾವುದು ಇರೋದಿಲ್ಲ ಅಂತ ಬರೆಯುವಾಗ ನಮಗೆ ಗೊತ್ತಿರೋದಿಲ್ಲ.

ಈ ಸರಣಿ ಆಪ್ಷನಲ್ ಮಾಡ್ಯೂಲ್ ಬಗ್ಗೆ. ಅಂದ್ರ, ಇದ್ದರೆ ಬಳಸ್ತೀವಿ, ಇಲ್ಲದಿದ್ದರೂ ಪ್ರೋಗ್ರಾಮ್ ಓಡ್ತೈತಿ ಅನ್ನೋ ಲೈಬ್ರರಿಗಳು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮಾಡ್ಯೂಲ್ ಇಲ್ಲದಿರೋದು ತಪ್ಪಲ್ಲ. ಇಲ್ಲ ಅನ್ನೋದನ್ನ ಮುಚ್ಚಿಟ್ಟು, ಎಲ್ಲಾ ಸರಿ ಐತಿ ಅನ್ನೋ ಹಂಗ ನಡೆದುಕೊಳ್ಳೋದು ತಪ್ಪು. ಓಡುವಾಗಲೇ ಕೇಳಿ ತಿಳ್ಕೋಬೇಕು. ಇಲ್ಲ ಅಂತ ಗೊತ್ತಾದ್ರ, ಅದರಿಂದ ಯಾರಿಗೆ ನಷ್ಟವೋ ಅವರಿಗೇ ಹೇಳಬೇಕು.

ಭಾಗ 2/8: ಒತ್ತಕ್ಷರ ಎಲ್ಲಿ ಕಳೆದುಹೋಯ್ತು?

ಫಾಂಟ್ ಹಾಕಿದ್ರ ಕನ್ನಡ ಬರ್ತೈತಿ ಅಂತ ಬಹಳ ಮಂದಿ ತಿಳಿದಿರ್ತಾರ. ಸಾಲೋದಿಲ್ಲ. "ಬ್ಯಾಡಗಿ" ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಏಳು: ಬ, ಹಲಂತದ ಚಿಹ್ನೆ, ಯ, ಆಕಾರದ ಚಿಹ್ನೆ, ಡ, ಗ, ಗುಡಿಸು. ಈ ಏಳನ್ನೂ ಓದಿ, ಯಕಾರವನ್ನು ಒತ್ತು ಮಾಡಿ, ಗುಡಿಸನ್ನು ಗಕಾರಕ್ಕೆ ಸೇರಿಸಿ "ಗಿ" ಮಾಡೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಹೇಗೆ ಸೇರಿಸಬೇಕು ಅನ್ನೋ ಸೂಚನೆ ಫಾಂಟಿನೊಳಗೇ ಇರ್ತಾವ. ಆದರೆ ಆ ಸೂಚನೆ ಓದಿ ಜಾರಿಗೆ ತರೋದಕ್ಕೆ ಬೇರೊಂದು ಲೈಬ್ರರಿ ಬೇಕು. ಅಂಥದ್ದರಲ್ಲಿ ಹೆಸರುವಾಸಿ ಹಾರ್ಫ್‌ಬಜ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರ ಹೊಟ್ಟೆಯೊಳಗೂ ಅದೇ ಐತಿ.

ಪೈಥಾನ್‌ನಲ್ಲಿ ಚಿತ್ರದ ಕೆಲಸಕ್ಕೆ ನಾವು ಬಳಸೋದು ಪಿಲ್ಲೋ. ಪಿಲ್ಲೋ ಮತ್ತು ಹಾರ್ಫ್‌ಬಜ್ ನಡುವೆ ನಿಂತು ಮಾತಾಡಿಸೋ ಲೈಬ್ರರಿಯ ಹೆಸರು ರಕ್ಮ್. ಅರಬ್ಬಿ ಹೆಸರು ಅದು. ನಮ್ಮ ಕಡೆ ವ್ಯಾಪಾರಸ್ಥರು ಅನ್ನೋ "ರಖಮು" ಕೂಡ ಅದೇ ಬೇರಿನ ಪದ. 2017ರಲ್ಲಿ ಪಿಲ್ಲೋ 4.2 ಬಂದಾಗ ರಕ್ಮ್ ಬೆಂಬಲ ಸೇರಿತು. 2021ರ 8.2ರಿಂದ ಪಿಪ್ ಮೂಲಕ ತರಿಸೋ ಪಿಲ್ಲೋ ಜತೆಗೇ ರಕ್ಮ್ ಬರ್ತೈತಿ.

ಹಂಗಾದ್ರ ತೊಂದರೆ ಎಲ್ಲಿ? ಆ ರಕ್ಮ್‌ಗೆ ಫ್ರಿಬಿಡಿ ಅನ್ನೋ ಇನ್ನೊಂದು ಲೈಬ್ರರಿ ಬೇಕು, ಅದನ್ನ ಪ್ರೋಗ್ರಾಮ್ ಓಡುವಾಗ ಆ ಕಂಪ್ಯೂಟರಿನಲ್ಲೇ ಹುಡುಕ್ತೈತಿ. ಸಿಕ್ಕರೆ ಕನ್ನಡ ಸರಿ. ಸಿಗದಿದ್ದರೆ ಪಿಲ್ಲೋ ಸದ್ದಿಲ್ಲದೆ "ಬೇಸಿಕ್" ಲೇಔಟಿಗೆ ಇಳಿದುಬಿಡ್ತೈತಿ: ಒಂದು ಚಿಹ್ನೆ ಆದ ಮೇಲೆ ಇನ್ನೊಂದು, ಸಾಲಿನಲ್ಲಿ ನಿಲ್ಲಿಸಿದ ಹಂಗ. ಉಬುಂಟು ಡೆಸ್ಕ್‌ಟಾಪಿನಲ್ಲಿ ಫ್ರಿಬಿಡಿ ಸಾಮಾನ್ಯವಾಗಿ ಮೊದಲೇ ಇರ್ತೈತಿ. ವಿಂಡೋಸ್‌ನಲ್ಲಿ ಅದರ ಡಿಎಲ್‌ಎಲ್ ಫೈಲನ್ನ ನಾವೇ ತಂದು ಇಡಬೇಕು. ಫ್ರಿಬಿಡಿ ಇರೋದು ಅರಬ್ಬಿ, ಉರ್ದುವಿನಂಥ ಬಲದಿಂದ ಎಡಕ್ಕೆ ಬರೆಯೋ ಲಿಪಿಗಳಿಗೋಸ್ಕರ. ಕನ್ನಡಕ್ಕೆ ಅದರ ಹಂಗು ನೇರವಾಗಿ ಇಲ್ಲ. ಆದರೂ ಅದು ಸಿಗಲಿಲ್ಲ ಅಂದ್ರ ನಮ್ಮ ಒತ್ತಕ್ಷರ ಹೋಗ್ತಾವ.

ಇಂಗ್ಲಿಷಿನಲ್ಲಿ ಊರ ಹೆಸರು ಬರೆದು ಟೆಸ್ಟ್ ಮಾಡಿದ್ರ ಎರಡೂ ಕಂಪ್ಯೂಟರಿನಲ್ಲಿ ಚೆಂದಾಗೇ ಬರ್ತೈತಿ. ಆ ಲಿಪಿಗೆ ಬೇಸಿಕ್ ಸಾಕು. ಅದಕ್ಕೇ ಈ ಸಮಸ್ಯೆ ಬಹಳ ಜನರ ಕಣ್ಣಿಗೇ ಬೀಳೋದಿಲ್ಲ.

ಭಾಗ 3/8: ಹೆಸರು ಕೇಳಬೇಡ್ರಿ, ಕೆಲಸ ಕೇಳ್ರಿ

ಕಾರ್ಡ್ ಕೆಟ್ಟ ಕಂಪ್ಯೂಟರಿನಲ್ಲಿ ಪಿಲ್ಲೋ ಇಂಪೋರ್ಟ್ ಆಗ್ತೈತಾ? ಆಗ್ತೈತಿ. ವರ್ಶನ್ ನಂಬರ್ ಸರಿ ಐತಾ? ಐತಿ. ಅಂದ್ರ "ಮಾಡ್ಯೂಲ್ ಇದೆಯಾ?" ಅನ್ನೋ ಪ್ರಶ್ನೆಗೆ ಉತ್ತರ ಹೌದು, "ಕನ್ನಡ ಸರಿಯಾಗಿ ಬರೆಯಬಲ್ಲೆಯಾ?" ಅನ್ನೋದಕ್ಕೆ ಇಲ್ಲ. ನಾವು ಕೇಳಬೇಕಾದ್ದು ಎರಡನೇ ಪ್ರಶ್ನೆ.

ಪಿಲ್ಲೋದಲ್ಲಿ ಅದಕ್ಕಂತಲೇ ಫೀಚರ್ಸ್ ಅನ್ನೋ ಭಾಗ ಐತಿ. ಅದರೊಳಗಿನ ಚೆಕ್ ಫಂಕ್ಷನ್ನಿಗೆ "ರಕ್ಮ್" ಅಂತ ಹೆಸರು ಕೊಟ್ಟು ಕೇಳಿದ್ರ, ಆ ಕ್ಷಣಕ್ಕೆ ಆ ಕಂಪ್ಯೂಟರಿನಲ್ಲಿ ಕೆಲಸ ಆಗ್ತೈತೋ ಇಲ್ಲೋ ಅಂತ ಟ್ರೂ ಅಥವಾ ಫಾಲ್ಸ್ ಹೇಳ್ತೈತಿ. ಒಂದೇ ಸಾಲಿನ ಕೆಲಸ. ಕೋಡ್ ಮೂರನೇ ಫೋಟೊದಲ್ಲಿ ಐತಿ.

ವೆಬ್ ಕೆಲಸ ಮಾಡೋರು ಈ ಪಾಠ ಬಹಳ ಹಿಂದೆಯೇ ಕಲಿತರು. ಒಂದು ಕಾಲದಲ್ಲಿ ಸೈಟುಗಳು ಬ್ರೌಸರಿನ ಹೆಸರು ಕೇಳಿ, ಆ ಹೆಸರಿನ ಮೇಲೆ ಅದಕ್ಕೇನು ಬರ್ತೈತಿ ಅಂತ ಊಹೆ ಮಾಡ್ತಿದ್ದವು. ಹೊಸ ಬ್ರೌಸರುಗಳು ಹಳೇ ಹೆಸರು ಹೇಳಿಕೊಂಡು ಒಳಗೆ ಬರತೊಡಗಿದವು. ಹಿಂಗಾಗಿ ಹೆಸರು ಬಿಟ್ಟು "ಈ ಫೀಚರ್ ನಿನ್ನ ಹತ್ತಿರ ಐತಾ?" ಅಂತ ನೇರ ಕೇಳೋ ಪದ್ಧತಿ ಬಂತು.

ಬ್ಯಾಡಗಿಯವರಿಗೆ ಇದನ್ನ ವಿವರಿಸಬೇಕಾಗಿಯೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು, ಹೆಸರಿಗೆ ಕಾನೂನಿನ ಬೆಲೆ ಬಂತು. ಹಂಗಂತ ಎಪಿಎಂಸಿಯಲ್ಲಿ ಚೀಲದ ಮೇಲಿನ ಹೆಸರು ಓದಿ ಯಾರಾದ್ರೂ ದರ ಹಾಕ್ತಾರೇನು? ಚೀಲದ ಬಾಯಿ ಬಿಚ್ಚಿ, ಕಾಯಿ ಕೈಗೆ ತಗೊಂಡು, ಕಡ್ಡಿಯೋ ಡಬ್ಬಿಯೋ, ಬಣ್ಣ ಹೆಂಗೈತಿ, ಒಣಗೈತೋ ಇಲ್ಲೋ ಅಂತ ನೋಡಿಯೇ ಹಾಕ್ತಾರ.

ಪೈಥಾನ್‌ನ ಫೈಂಡ್‌ಸ್ಪೆಕ್ ಫಂಕ್ಷನ್ ಚೀಲದ ಮೇಲಿನ ಹೆಸರು ಓದಿದ ಹಂಗ. ಮಾಡ್ಯೂಲನ್ನ ಓಡಿಸದೆ, ಅದು ಎಲ್ಲಿದೆ ಅಂತ ಮಾತ್ರ ಹುಡುಕ್ತೈತಿ. ಸಿಗದಿದ್ದರೆ ನನ್ ಅಂತ ಉತ್ತರ. ದೊಡ್ಡ ಲೈಬ್ರರಿ ಲೋಡ್ ಮಾಡದೆ ಬೇಗ ತಿಳಿಯಬೇಕಾದ್ರ ಒಳ್ಳೇದು. ಆದರೆ ಸಿಕ್ಕಿದ್ದು ಕೆಲಸ ಮಾಡ್ತೈತಿ ಅಂತ ಅದು ಮಾತು ಕೊಡೋದಿಲ್ಲ. ನಿಮ್ಮದೇ ಫೋಲ್ಡರಿನಲ್ಲಿ ಪಾಂಡಾಸ್ ಅನ್ನೋ ಹೆಸರಿನ ಖಾಲಿ ಪೈಥಾನ್ ಫೈಲ್ ಇಟ್ಟಿದ್ರೂ "ಸಿಕ್ತು" ಅಂತಲೇ ಹೇಳ್ತೈತಿ.

ಭಾಗ 4/8: ಟ್ರೈ ಒಳಗೆ ಏನೇನು ತುರುಕಬಾರದು

ನಮಗೆಲ್ಲ ಗೊತ್ತಿರೋ ದಾರಿ: ಟ್ರೈ ಒಳಗೆ ಇಂಪೋರ್ಟ್, ಎಕ್ಸೆಪ್ಟ್ ಒಳಗೆ "ಇಲ್ಲ" ಅಂತ ಗುರುತು. ದಾರಿ ಸರಿಯಾದ್ದೇ, ಪೈಥಾನ್ ಮಂದಿ ವರ್ಷಗಟ್ಟಲೆಯಿಂದ ಇದನ್ನೇ ಬಳಸ್ತಾ ಬಂದಾರ. ಕೆಡೋದು ವಿವರದಲ್ಲಿ.

ಒಂದು. ಎಕ್ಸೆಪ್ಟ್ ಮುಂದೆ ಎರರಿನ ಹೆಸರು ಬರೀರಿ. ಬರೀ ಎಕ್ಸೆಪ್ಟ್ ಅಂತ ಬಿಟ್ಟರೆ ಅದು ಎಲ್ಲವನ್ನೂ ನುಂಗ್ತೈತಿ. ನೀವೇ ಬರೆದ ಮಾಡ್ಯೂಲಿನಲ್ಲಿ ಒಂದು ಬ್ರಾಕೆಟ್ ಮುಚ್ಚೋದು ಬಿಟ್ಟುಹೋಗಿದ್ರೂ "ಮಾಡ್ಯೂಲ್ ಇಲ್ಲ" ಅಂತ ತೀರ್ಮಾನ ಆಗ್ತೈತಿ. ಆಮೇಲೆ ಇಡೀ ರಾತ್ರಿ ಪಿಪ್ ಜತೆ ಜಗಳ, ತಪ್ಪು ಮಾತ್ರ ನಿಮ್ಮ ಫೈಲಿನಲ್ಲೇ ಕೂತಿರ್ತೈತಿ.

ಎರಡು. ಟ್ರೈ ಒಳಗೆ ಇಂಪೋರ್ಟ್ ಸಾಲು ಮಾತ್ರ ಇರಲಿ. ಅದರ ಕೆಳಗೆ ಹತ್ತು ಸಾಲು ಕೆಲಸವನ್ನೂ ಸೇರಿಸಿದ್ರ, ಯಾವ ಸಾಲು ಎಡವಿತು ಅಂತ ಗೊತ್ತಾಗೋದಿಲ್ಲ.

ಮೂರು. "ಸಿಗಲಿಲ್ಲ" ಬೇರೆ, "ಸಿಕ್ಕಿತು ಆದರೆ ಕೆಟ್ಟಿದೆ" ಬೇರೆ. ಪೈಥಾನ್ 3.6ರಿಂದ ಇದಕ್ಕೆ ಎರಡು ಹೆಸರು ಅದಾವ. ಇಂಪೋರ್ಟ್‌ಎರರ್ ದೊಡ್ಡ ಗುಂಪು. ಅದರೊಳಗೆ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಒಂದು ಚಿಕ್ಕ ಗುಂಪು. ಮಾಡ್ಯೂಲೇ ಇಲ್ಲದಿದ್ದರೆ ಚಿಕ್ಕದು ಬರ್ತೈತಿ. ಮಾಡ್ಯೂಲ್ ಇದ್ದು ಅದರೊಳಗಿನ ಒಂದು ಹೆಸರು ಸಿಗದಿದ್ದರೆ, ಇಲ್ಲಾ ಅದಕ್ಕೆ ಬೇಕಾದ ಡಿಎಲ್‌ಎಲ್ ಲೋಡ್ ಆಗದಿದ್ದರೆ ದೊಡ್ಡದು. ಇನ್ನೂ ಒಂದು ಗೊಂದಲ ಐತಿ: ನೀವು ಕೇಳಿದ ಮಾಡ್ಯೂಲ್ ಇದ್ದು, ಅದು ಕೇಳೋ ಮತ್ತೊಂದು ಮಾಡ್ಯೂಲ್ ಇಲ್ಲದಿದ್ದರೂ ಚಿಕ್ಕದೇ ಬರ್ತೈತಿ. ಆ ಎರರಿನೊಳಗೆ ನೇಮ್ ಅಂತ ಒಂದು ಗುಣ ಇರ್ತೈತಿ, ಯಾವುದು ಸಿಗಲಿಲ್ಲ ಅನ್ನೋ ಹೆಸರು ಅದರೊಳಗೆ ಇರ್ತೈತಿ. ಅದನ್ನ ಓದ್ರಿ.

ನಾಲ್ಕು. ಪ್ರೋಗ್ರಾಮ್ ಶುರುವಾದಾಗ ಒಂದು ಸಲ ಕೇಳಿ, ಉತ್ತರವನ್ನ ಒಂದು ವೇರಿಯಬಲ್ಲಿನಲ್ಲಿ ಇಡ್ರಿ. ಉಳಿದ ಕಡೆಯೆಲ್ಲ ಆ ವೇರಿಯಬಲ್ ನೋಡಿದ್ರ ಸಾಕು. ಇಪ್ಪತ್ತು ಫಂಕ್ಷನ್ನಿನಲ್ಲಿ ಇಪ್ಪತ್ತು ಟ್ರೈ ಬರೆದ್ರ ಒಂದು ಕಡೆ ಬದಲಾಯಿಸಿ ಇನ್ನೊಂದು ಕಡೆ ಮರೆಯೋದು ಗ್ಯಾರಂಟಿ.

ಭಾಗ 5/8: ಹಪ್ಪಳ ಯಾವುದು, ಉಪ್ಪು ಯಾವುದು?

ಇಲ್ಲದ ಮಾಡ್ಯೂಲುಗಳೆಲ್ಲ ಒಂದೇ ಥರ ಅಲ್ಲ. ಊಟದಲ್ಲಿ ಹಪ್ಪಳ ಇಲ್ಲಾಂದ್ರ ಯಾರೂ ಎದ್ದು ಹೋಗೋದಿಲ್ಲ. ಉಪ್ಪು ಇಲ್ಲಾಂದ್ರ?

ಟಿಕ್ಯುಡಿಎಮ್ ಗೊತ್ತಲ್ಲ, ಕೆಲಸ ಎಷ್ಟಾಯ್ತು ಅಂತ ಟರ್ಮಿನಲ್ಲಿನಲ್ಲಿ ಪಟ್ಟಿ ಎಳೆದು ತೋರಿಸೋದು. ಅದು ಹಪ್ಪಳ. ಇಲ್ಲದಿದ್ದರೆ ಪಟ್ಟಿ ಕಾಣೋದಿಲ್ಲ, ಉತ್ತರ ಬದಲಾಗೋದಿಲ್ಲ. ಅಲ್ಲಿ ಸುಮ್ಮನೆ ಮುಂದೆ ಹೋದ್ರ ನನ್ನ ತಕರಾರಿಲ್ಲ.

ಕನ್ನಡ ಕಾರ್ಡಿಗೆ ರಕ್ಮ್ ಉಪ್ಪು. ಪಿಲ್ಲೋ ಬರೆದವರ ಲೆಕ್ಕದಲ್ಲಿ ಅದು ಆಪ್ಷನಲ್ ಇರಬಹುದು. ಅದು ಜಗತ್ತಿನ ಎಲ್ಲರಿಗೂ ಬರೆದ ಲೈಬ್ರರಿ, ಬರೀ ಫೋಟೊ ಚಿಕ್ಕದು ದೊಡ್ಡದು ಮಾಡೋರಿಗೆ ಶೇಪಿಂಗ್ ಬೇಕಾಗೋದಿಲ್ಲ. ಆದರೆ ನಮ್ಮ ಪ್ರೋಗ್ರಾಮಿಗೆ ಯಾವುದು ಆಪ್ಷನಲ್ ಅಂತ ತೀರ್ಮಾನ ಮಾಡಬೇಕಾದವರು ನಾವು. ಇಂಗ್ಲಿಷ್ ಬರೆಯೋರಿಗೆ ಹಪ್ಪಳ ಆಗಿರೋದು ಕನ್ನಡ ಬರೆಯೋರಿಗೆ ಉಪ್ಪು ಆಗಿರ್ತೈತಿ. ಯಾರದೋ ಟ್ಯುಟೋರಿಯಲ್ಲಿನಲ್ಲಿ "ಇದು ಬೇಕಾದ್ರೆ ಹಾಕಿಕೊಳ್ಳಿ" ಅಂತ ಇದ್ದರೆ ಅದನ್ನ ಹಂಗೇ ನಂಬಬೇಡ್ರಿ. ಅವರ ಊಟ ಬೇರೆ, ನಮ್ಮ ಊಟ ಬೇರೆ.

ಉಪ್ಪು ಇಲ್ಲ ಅಂತ ಗೊತ್ತಾದ್ರ ಪ್ರೋಗ್ರಾಮ್ ಅಲ್ಲೇ ನಿಲ್ಲಬೇಕು. "ಈ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸೋ ರಕ್ಮ್ ಕೆಲಸ ಮಾಡುತ್ತಿಲ್ಲ, ಕಾರ್ಡ್ ತಯಾರಿಸಿಲ್ಲ" ಅಂತ ಹೇಳಬೇಕು. ಇದಕ್ಕೆ ಪಿಲ್ಲೋದಲ್ಲೇ ಒಂದು ಸಣ್ಣ ಉಪಾಯ ಐತಿ. ಅಕ್ಷರ ಬರೆಯೋ ಫಂಕ್ಷನ್ನಿಗೆ ಭಾಷೆ "ಕೆಎನ್" ಅಂತ ಬಿಡಿಸಿ ಹೇಳ್ರಿ. ರಕ್ಮ್ ಇದ್ದರೆ ಕೆಲಸ ಆಗ್ತೈತಿ; ಇಲ್ಲದಿದ್ದರೆ ಬೇಸಿಕ್‌ಗೆ ಜಾರದೆ ಕೀಎರರ್ ಎಸೆದು ನಿಲ್ತೈತಿ. ತಪ್ಪು ಅಕ್ಷರದ ಕಾರ್ಡ್ ಹೊರಗೆ ಹೋಗೋದಕ್ಕಿಂತ ಕಾರ್ಡೇ ಹೋಗದಿರೋದು ಮೇಲು ಅನ್ನೋದು ನನ್ನ ವಾದ. ಊರ ಹೆಸರು ಒಡೆದು ಬಂದಿರೋ ಕಾರ್ಡ್ ನೋಡಿದವರು "ಕಂಪ್ಯೂಟರಿನಲ್ಲಿ ಕನ್ನಡ ಇಷ್ಟೇ" ಅಂತ ತಿಳೀತಾರ. ಇಷ್ಟೇ ಅಲ್ಲ ಅಂತ ನಮಗೆ ಗೊತ್ತೈತಿ.

ಭಾಗ 6/8: ಬದಲಿ ಕೊಡ್ರಿ, ಹೇಳಿ ಕೊಡ್ರಿ

ಹಪ್ಪಳಕ್ಕೂ ಉಪ್ಪಿಗೂ ನಡುವೆ ಮೂರನೇದು ಒಂದು ಐತಿ: ಬದಲಿ ಇರೋದು. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರೋದು ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ. ಬ್ಯಾಡಗಿ ಸಿಗದ ದಿನ ಗುಂಟೂರು ಹಾಕಿ ಅಡುಗೆ ಮಾಡಬಹುದು. ಆದರೆ ಉಣ್ಣೋರಿಗೆ ಹೇಳಬೇಕು, ಹಾಕೋ ಪ್ರಮಾಣನೂ ಬದಲಾಯಿಸಬೇಕು. ಹೇಳದೆ ಹಾಕಿದ್ರ ಅದು ಮೋಸ.

ರಕ್ಮ್ ಇಲ್ಲದ ಕಡೆ ಪ್ರಾಮಾಣಿಕ ಬದಲಿ ಒಂದು ಐತಿ. ಕಾರ್ಡನ್ನ ಎಚ್‌ಟಿಎಮ್‌ಎಲ್ ಪುಟವಾಗಿ ಬರೆದು ಬ್ರೌಸರಿನಲ್ಲಿ ತೆರೆದು ಸ್ಕ್ರೀನ್‌ಶಾಟ್ ತೆಗೀರಿ. ಬ್ರೌಸರಿಗೆ ಶೇಪಿಂಗ್ ಬರ್ತೈತಿ. ಕೆಲಸ ನಿಧಾನ ಆಗ್ತೈತಿ, ಅಕ್ಷರ ಮಾತ್ರ ಸರಿ ಇರ್ತಾವ.

ಈಗ ಅಪಾಯದ ಬದಲಿ ನೋಡ್ರಿ. ದರದ ಕಾರ್ಡ್ ಮಾಡೋ ಪ್ರೋಗ್ರಾಮ್ ಅಂದುಕೊಳ್ಳಿ. ರಿಕ್ವೆಸ್ಟ್ಸ್ ಲೈಬ್ರರಿ ಇದ್ದರೆ ನೆಟ್ಟಿನಿಂದ ಇವತ್ತಿನ ದರ ತರ್ತೈತಿ. ಇಲ್ಲದಿದ್ದರೆ ಹಿಂದಿನ ಸಲ ಸೇವ್ ಮಾಡಿದ ಫೈಲ್ ಓದ್ತೈತಿ. ಕಾರ್ಡಿನ ಮೇಲೆ ತಾರೀಖು ಮಾತ್ರ ಎರಡೂ ಸಲ ಇವತ್ತಿನದೇ. ಕೋಡ್ ನೋಡಿದವರು "ಎಷ್ಟು ಜಾಣತನದಿಂದ ಬರೆದಾನ, ಕ್ರ್ಯಾಶೇ ಆಗೋದಿಲ್ಲ" ಅಂತ ಹೊಗಳ್ತಾರ. ಆದರೆ ಹೋದ ವಾರದ ದರ ಇವತ್ತಿನ ತಾರೀಖು ಹೊತ್ತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ್ರ ಏನಾಗ್ತೈತಿ? ಯಾರೋ ಒಬ್ಬರು ಅದನ್ನ ನಂಬಿ ಗಾಡಿ ಬಾಡಿಗೆ ಮಾಡಿ ಚೀಲ ಹೇರಿಕೊಂಡು ಬರ್ತಾರ.

ಬ್ಯಾಡಗಿಯಲ್ಲಿ ಒಂದು ಅಂಕಿಯ ತೂಕ ಎಷ್ಟು ಅಂತ 2024ರ ಮಾರ್ಚ್ 11ರಂದು ರಾಜ್ಯವೇ ನೋಡಿತು. ಮೆಣಸಿನಕಾಯಿ ದರ ಕುಸಿದದ್ದಕ್ಕೆ ರೈತರ ಸಿಟ್ಟು ಸ್ಫೋಟಿಸಿ, ಎಪಿಎಂಸಿ ಕಚೇರಿ ಮೇಲೆ ದಾಳಿ ಆಯ್ತು, ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೂ ಯಾವ ಪ್ರೋಗ್ರಾಮಿಗೂ ಸಂಬಂಧ ಇಲ್ಲ. ಆದರೆ ದರ ಅನ್ನೋದು ಇಲ್ಲಿ ಮನೆ ಮನೆಯ ವರ್ಷದ ದುಡಿಮೆ ಅನ್ನೋದನ್ನ ದರದ ಕಾರ್ಡ್ ಬರೆಯೋ ನಾವು ಮರೀಬಾರದು. ಸೇವ್ ಮಾಡಿದ ದರ ತೋರಿಸ್ರಿ, ಬೇಡ ಅನ್ನೋದಿಲ್ಲ. ಆ ದರದ ತಾರೀಖನ್ನೇ ದೊಡ್ಡದಾಗಿ ಹಾಕ್ರಿ. "ಇವತ್ತಿನ ದರ ಸಿಕ್ಕಿಲ್ಲ" ಅಂತ ಕಾರ್ಡಿನ ಮೇಲೇ ಬರೀರಿ.

ಕಾರ್ಡಿನ ಮೇಲೇ ಅಂತ ಯಾಕ ಒತ್ತಿ ಹೇಳ್ತೀನಿ? ಟರ್ಮಿನಲ್ಲಿನಲ್ಲಿ ವಾರ್ನಿಂಗ್ ಪ್ರಿಂಟ್ ಮಾಡಿದ್ರ ಅದನ್ನ ನೋಡೋರು ನೀವು. ಕಾರ್ಡ್ ನೋಡೋರು ಬೇರೆಯವರು. ಅವರಿಗೆ ನಿಮ್ಮ ಟರ್ಮಿನಲ್ ಕಾಣೋದಿಲ್ಲ.

ಭಾಗ 7/8: "ಆದರೆ ಅಣ್ಣಾ..." ಅನ್ನೋರಿಗೆ

"ಎಲ್ಲಾ ಲೈಬ್ರರಿಗಳನ್ನೂ ರಿಕ್ವೈರ್‌ಮೆಂಟ್ಸ್ ಫೈಲಿಗೆ ಹಾಕಿಬಿಟ್ರ ಈ ತಲೆನೋವೇ ಇಲ್ಲವಲ್ಲ?" ಉಪ್ಪು ಇದ್ದದ್ದನ್ನೆಲ್ಲ ಹಾಕ್ರಿ, ಹಾಕಲೇಬೇಕು. ಆದರೆ ಹಪ್ಪಳನೂ ಕಡ್ಡಾಯ ಮಾಡಿದ್ರ, ಹಳೇ ಮಶೀನಿನವರಿಗೆ ಒಂದು ಪ್ರೋಗ್ರೆಸ್ ಪಟ್ಟಿ ಸಲುವಾಗಿ ಇಡೀ ಪ್ರೋಗ್ರಾಮೇ ಸಿಗೋದಿಲ್ಲ. ಇನ್ನೊಂದು ಮಾತು: ಫ್ರಿಬಿಡಿ ಪಿಪ್ ಪಟ್ಟಿಯ ಹೊರಗಿನದು. ರಿಕ್ವೈರ್‌ಮೆಂಟ್ಸ್‌ನಲ್ಲಿ ಪಿಲ್ಲೋ ಬರೆದು, ಅದು ಸರಿಯಾಗಿ ಇನ್‌ಸ್ಟಾಲ್ ಆದ ಮೇಲೂ ಬಲಗಡೆ ಕಾರ್ಡ್ ಬಲಗಡೆ ಕಾರ್ಡೇ. ಓಡುವಾಗ ಕೇಳೋದು ತಪ್ಪೋದಿಲ್ಲ.

"ಇಲ್ಲಾಂದ್ರ ಪ್ರೋಗ್ರಾಮೇ ತಾನಾಗಿ ಪಿಪ್ ಇನ್‌ಸ್ಟಾಲ್ ಮಾಡಿಕೊಂಡ್ರ?" ದಯವಿಟ್ಟು ಬೇಡ. ಲ್ಯಾಬಿನ ಕಂಪ್ಯೂಟರಿನಲ್ಲಿ ಅನುಮತಿ ಇರೋದಿಲ್ಲ, ನೆಟ್ ಇರ್ತೈತಿ ಅನ್ನೋ ನಂಬಿಕೆ ಇಲ್ಲ. ಅದಕ್ಕಿಂತ ದೊಡ್ಡ ಮಾತು ಸುರಕ್ಷತೆ. ಜನಪ್ರಿಯ ಲೈಬ್ರರಿಗಳ ಹೆಸರನ್ನ ಒಂದಕ್ಷರ ತಪ್ಪಿಸಿ ಕೆಟ್ಟ ಕೋಡ್ ಇಟ್ಟು ಕಾಯೋರು ಇದ್ದಾರ. ಇನ್‌ಸ್ಟಾಲ್ ಹೆಸರು, ಇಂಪೋರ್ಟ್ ಹೆಸರು ಒಂದೇ ಇರೋದಿಲ್ಲ ಅನ್ನೋದೂ ನೆನಪಿರಲಿ. ಇನ್‌ಸ್ಟಾಲ್ ಮಾಡೋದು ಪಿಲ್ಲೋ, ಇಂಪೋರ್ಟ್ ಮಾಡೋದು ಪಿಐಎಲ್. ಇನ್‌ಸ್ಟಾಲ್ ಮಾಡೋದು ಓಪನ್‌ಸಿವಿ ಪೈಥಾನ್, ಇಂಪೋರ್ಟ್ ಮಾಡೋದು ಸಿವಿ2. ಇಂಪೋರ್ಟ್ ಹೆಸರನ್ನೇ ಪಿಪ್‌ಗೆ ಕೊಟ್ಟು ಯಾವುದೋ ಬೇರೆ ಸಾಮಾನು ಮನೆಗೆ ತರೋ ಕೆಲಸ ಆಗ್ತೈತಿ. ಪ್ರೋಗ್ರಾಮ್ ಸರಿಯಾದ ಇನ್‌ಸ್ಟಾಲ್ ಹೆಸರನ್ನ ಬರೆದು ತೋರಿಸಲಿ. ಹಾಕೋದು ಬಿಡೋದು ಕಂಪ್ಯೂಟರಿನ ಯಜಮಾನರ ಇಷ್ಟ.

"ಎಚ್ಚರಿಕೆ ಹಾಕಿದ್ರ ನೋಡೋರು ಹೆದರ್ತಾರ, ಮಾರ್ಕ್ಸ್ ಕಡಿಮೆ ಆಗ್ತಾವ." ಈ ಮಾತು ಎಲ್ಲಕ್ಕಿಂತ ಜಾಸ್ತಿ ಕೇಳಿಬರ್ತೈತಿ, ಈ ಭಯ ಸುಳ್ಳಲ್ಲ. ವೈವಾ ದಿನ ಎಲ್ಲಾ ಹಸಿರು ಕಾಣಬೇಕು ಅನ್ನೋ ಆಸೆ ಯಾರಿಗಿಲ್ಲ? ಆದರೂ ಯೋಚನೆ ಮಾಡ್ರಿ. "ಈ ಕಂಪ್ಯೂಟರಿನಲ್ಲಿ ರಕ್ಮ್ ಇಲ್ಲ, ಅದಕ್ಕೇ ಬ್ರೌಸರ್ ದಾರಿ ಹಿಡಿದೀನಿ" ಅಂತ ತಾನೇ ಹೇಳೋ ಪ್ರೋಗ್ರಾಮ್ ಬರೆದವರಿಗೆ ತನ್ನ ಕೋಡಿನ ಎಲ್ಲೆ ಎಲ್ಲೈತಿ ಅಂತ ಗೊತ್ತೈತಿ ಅಂತಲೇ ಅರ್ಥ. ಪ್ರಶ್ನೆ ಬಂದ್ರ ಅವರ ಹತ್ತಿರ ಉತ್ತರನೂ ಇರ್ತೈತಿ.

ಭಾಗ 8/8: ಈ ವಾರ ನಿಮ್ಮ ಕೆಲಸ

ನಾಲ್ಕೇ ಕೆಲಸ ಹೇಳ್ತೀನಿ, ನಿಮ್ಮ ಪ್ರಾಜೆಕ್ಟಿನ ಮೇಲೆ ಮಾಡಿ ನೋಡ್ರಿ.

ಮೊದಲು, ನಿಮ್ಮ ಕೋಡಿನಲ್ಲಿರೋ ಒಂದೊಂದು ಇಂಪೋರ್ಟ್ ಮುಂದೆಯೂ ಕನ್ನಡದಲ್ಲಿ ಒಂದು ಪದ ಬರೀರಿ: ಉಪ್ಪು, ಬದಲಿ, ಹಪ್ಪಳ. ಬರೆಯೋದಕ್ಕೆ ತಡವರಿಸಿದ್ರ ಆ ಲೈಬ್ರರಿ ಯಾಕ ಬಳಸ್ತಿದ್ದೀರಿ ಅನ್ನೋದೇ ನಿಮಗೆ ಸ್ಪಷ್ಟ ಇಲ್ಲ ಅಂತ ತಿಳೀರಿ.

ಎರಡನೇದು, ಹೆಸರು ಹಿಡಿಯೋದಿಲ್ಲದ ಎಕ್ಸೆಪ್ಟ್ ಎಲ್ಲಿದ್ರೂ ಹುಡುಕಿ ತೆಗೀರಿ.

ಮೂರನೇದು, ಮಾಡ್ಯೂಲ್ ಇಲ್ಲದ ಕಂಪ್ಯೂಟರ್ ಹೆಂಗಿರ್ತೈತಿ ಅಂತ ನಿಮ್ಮ ಕಂಪ್ಯೂಟರಿನಲ್ಲೇ ನೋಡ್ರಿ. ಖಾಲಿ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ ಓಡಿಸಬಹುದು. ಇಲ್ಲಾ, ಟೆಸ್ಟಿನೊಳಗೆ ಸಿಸ್ ಮಾಡ್ಯೂಲ್ಸ್ ಪಟ್ಟಿಯಲ್ಲಿ ಆ ಹೆಸರಿಗೆ ನನ್ ಅಂತ ಇಟ್ಟರೆ, ಇದ್ದ ಮಾಡ್ಯೂಲೂ ಆ ಹೊತ್ತಿಗೆ "ಸಿಗಲಿಲ್ಲ" ಅಂತ ಎರರ್ ಕೊಡ್ತೈತಿ. "ಇಲ್ಲ" ಅನ್ನೋ ದಾರಿಯನ್ನ ಒಂದು ಸಲವೂ ಓಡಿಸದೆ ಬಿಟ್ಟಿದ್ರ, ಆ ದಾರಿ ಐತಿ ಅಂತ ಹೇಳಿಕೊಳ್ಳೋ ಹಾಗಿಲ್ಲ.

ನಾಲ್ಕನೇದು, ಕನ್ನಡ ಬರೆಯೋ ಯಾವುದೇ ಪ್ರೋಗ್ರಾಮನ್ನ ಒತ್ತಕ್ಷರ, ಅರ್ಕಾವತ್ತು ಇರೋ ಪದಗಳಿಂದಲೇ ಟೆಸ್ಟ್ ಮಾಡ್ರಿ. "ಹಾವೇರಿ" ಒಂದೇ ಸಾಲೋದಿಲ್ಲ, ಅದರಲ್ಲಿ ಒತ್ತಕ್ಷರ ಇಲ್ಲ. "ರಾಣೇಬೆನ್ನೂರು", "ಬ್ಯಾಡಗಿ", "ಮಾರ್ಕೆಟ್", "ಕ್ವಿಂಟಲ್" ಹಾಕಿ ನೋಡ್ರಿ. ನಮ್ಮ ಊರ ಹೆಸರುಗಳೇ ಇದಕ್ಕೆ ಚಲೋ ಟೆಸ್ಟ್.

ನಾವು ಬರೆಯೋ ಕೋಡ್ ನಾಳೆ ಯಾರ ಕಂಪ್ಯೂಟರಿನಲ್ಲಿ ಓಡ್ತೈತಿ ಅಂತ ನಮಗೆ ಗೊತ್ತಿಲ್ಲ. ಅಲ್ಲಿ ಏನೋ ಒಂದು ಇರೋದಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ಇಲ್ಲದ್ದನ್ನ ಇಲ್ಲ ಅಂತ ಹೇಳೋದು ಮಾತ್ರ ನಮ್ಮ ಕೈಯಲ್ಲೇ ಐತಿ, ಅದಕ್ಕೆ ನಾಲ್ಕು ಸಾಲು ಕೋಡ್ ಸಾಕು.

ಇವತ್ತು ರಾತ್ರಿ ನಿಮ್ಮ ಮಶೀನಿನಲ್ಲಿ ರಕ್ಮ್ ಚೆಕ್ ಓಡಿಸಿ, ಟ್ರೂ ಬಂತೋ ಫಾಲ್ಸ್ ಬಂತೋ ಕೆಳಗೆ ಬರೀರಿ. ವಿಂಡೋಸೋ ಉಬುಂಟೋ ಅಂತನೂ ಹಾಕ್ರಿ. ಫಾಲ್ಸ್ ಬಂದವರು ಬೇಜಾರಾಗಬೇಡ್ರಿ. ಕಾರ್ಡ್ ಹೊರಗೆ ಹೋಗೋ ಮೊದಲೇ ಗೊತ್ತಾಯ್ತಲ್ಲ, ಚಲೋ ಆತು.

#ಕನ್ನಡದಲ್ಲಿಕೋಡ್ #ಪೈಥಾನ್ #ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಒತ್ತಕ್ಷರಉಳಿಸಿ